ಸಕ್ಕರೆ ಕಾಯಿಲೆಯ ಗುಳಿಗೆಯೂ ಮುಟ್ಟು ನಿಂತ ಮೇಲಿನ ಆರೋಗ್ಯವೂ

(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಗೆ ಹೋಗಿಬಂದ ಮೇಲೆ ಬರೆದದ್ದು)



ನಮ್ಮ ಈ ಪತ್ರಿಕೆಯಲ್ಲಿ ಕೊಳೆರೋಗ, ಕಾಂಡಕೊರಕ, ಗೊಬ್ಬರದ ದರ, ಮಾರುಕಟ್ಟೆಯ ಏರಿಳಿತ ಇವುಗಳ ಮಾತೇ ಹೆಚ್ಚು. ಈ ಸಲ ಹೆಂಗಸರ ಆರೋಗ್ಯದ ವಿಷಯ ಬರೆಯುತ್ತಿದ್ದೇವೆ. ತೋಟಕ್ಕೂ ಇದಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಕಾಫಿ ಕೊಯ್ಯುವ, ಅಡಿಕೆ ಸುಲಿಯುವ ಕೈಗಳಲ್ಲಿ ಹೆಂಗಸರ ಕೈಗಳೆಷ್ಟು, ಅವರಲ್ಲಿ ನಲವತ್ತೈದು ದಾಟಿದವರು ಎಷ್ಟು ಮಂದಿ ಎಂದು ಒಮ್ಮೆ ಎಣಿಸಿ ನೋಡಿದರೆ ಸಂಬಂಧ ತಾನಾಗಿಯೇ ತಿಳಿಯುತ್ತದೆ. ನಮ್ಮ ನಮ್ಮ ಮನೆಯ ಹೆಂಗಸರೂ ಈ ಲೆಕ್ಕದಿಂದ ಹೊರಗಿನವರಲ್ಲ.

ಕಳೆದ ಕೊಯ್ಲಿನ ಕಾಲದಲ್ಲಿ ನಮ್ಮ ಸದಸ್ಯರೊಬ್ಬರ ರೋಬಸ್ಟಾ ತೋಟದಲ್ಲಿ ನಡೆದ ಸಂಗತಿಯಿಂದ ಆರಂಭಿಸುತ್ತೇವೆ. ಇಂಡಿ ತಾಲ್ಲೂಕಿನಿಂದ ಬಂದ ತಂಡ ಕೊಯ್ಲಿಗೆ ನಿಂತಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬುಟ್ಟಿ ಕೆಳಗಿಟ್ಟು ಕುಳಿತವರು ಮತ್ತೆ ಏಳಲಿಲ್ಲ. ಮೈಯೆಲ್ಲ ಬೆವರು, ಕೈಕಾಲು ನಡುಕ, ಮಾತು ತೊದಲು. ನಸುಕಿನಲ್ಲಿ ಎದ್ದು ಬರಿ ಹೊಟ್ಟೆಯಲ್ಲಿಯೇ ಕೆಲಸಕ್ಕೆ ಬಂದಿದ್ದರಂತೆ. ತೋಟದ ಯಜಮಾನಿತಿ ಫ್ಲಾಸ್ಕಿನಲ್ಲಿದ್ದ ಕಾಫಿಗೆ ನಾಲ್ಕು ಚಮಚ ಸಕ್ಕರೆ ಕಲಸಿ ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆಯಲ್ಲಿ ಆಕೆ ಚೇತರಿಸಿಕೊಂಡರು. ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜೀಪಿನಲ್ಲಿ ಕರೆದೊಯ್ದರು.

ಅಲ್ಲಿ ವಿಚಾರಿಸಿದಾಗ ಆಕೆಗೆ ಸಕ್ಕರೆ ಕಾಯಿಲೆಯೇ ಇಲ್ಲವೆಂದು ತಿಳಿಯಿತು. ಆದರೆ ಎಲೆಯಡಿಕೆಯ ಚಂಚಿಯಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆಯ ಪಟ್ಟಿ ಇತ್ತು.

“ನಮ್ಮಕ್ಕಗ ಸಕ್ಕರಿ ಬ್ಯಾನಿ ಐತ್ರಿ. ಆಕಿ ಗುಳಗಿ ಇವು. ಮುಟ್ಟು ನಿಂತ ಮ್ಯಾಲೆ ಈ ಗುಳಗಿ ನುಂಗಿದ್ರ ಮುಪ್ಪು ಲಗೂನ ಬರೂದಿಲ್ಲಂತ ಫೋನಿನ್ಯಾಗ ಹೇಳ್ಯಾರಂತ್ರಿ. ಅದಕ ನನಗೂ ನಾಕು ಕೊಟ್ಟು ಕಳಿಸಿದ್ಲು,” ಎಂದರು ಆಕೆ.

ಆ ಪಟ್ಟಿಯಲ್ಲಿದ್ದದ್ದು ಒಂದು ಔಷಧವಲ್ಲ, ಎರಡು. ಮೆಟ್‌ಫಾರ್ಮಿನ್ ಎಂಬುದರ ಜೊತೆಗೆ ಗ್ಲಿಮೆಪಿರೈಡ್ ಎಂಬ ಇನ್ನೊಂದು ಔಷಧ ಅದೇ ಗುಳಿಗೆಯಲ್ಲಿ ಸೇರಿತ್ತು. ಮೊದಲನೆಯದು ಒಂದೇ ಇದ್ದರೆ ರಕ್ತದ ಸಕ್ಕರೆಯನ್ನು ಅಪಾಯಕ್ಕೆ ಇಳಿಸುವುದು ವಿರಳ. ಎರಡನೆಯದು ಹಾಗಲ್ಲ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಊಟ ಮಾಡದೆ ದುಡಿಯುವವರಲ್ಲಿ ಸಕ್ಕರೆ ತೀರ ಕೆಳಗಿಳಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಮುಳುವಾಗಬಹುದು.

ಯುಗಾದಿ ಕಳೆದ ಮೇಲೆ ಮುಂದಿನ ಕೊಯ್ಲಿನ ಆಳುಗಳ ಮಾತುಕತೆಗಾಗಿ ನಾವು ನಾಲ್ವರು ಆ ನಾಲ್ಕು ತಾಲ್ಲೂಕುಗಳಿಗೆ ಹೋಗಿದ್ದೆವು. ಹೆಂಗಸರ ಮಾತು ಹೆಂಗಸರ ಮುಂದೆ ಬರುವಂತೆ ಗಂಡಸರ ಮುಂದೆ ಬರುವುದಿಲ್ಲವಾದುದರಿಂದ ನಮ್ಮಲ್ಲಿ ಇಬ್ಬರು ಹೆಂಗಸರೂ ಇದ್ದರು. ಇಂಡಿಯ ಲಿಂಬೆ ತೋಟವೊಂದರಲ್ಲಿ ಆ ಅಕ್ಕನೂ ಸಿಕ್ಕಿದರು. ತಂಗಿಗೆ ಕೆಡುಕು ಮಾಡಬೇಕೆಂದು ಕೊಟ್ಟವರಲ್ಲ. “ನನಗ ಚಲೋ ಆದದ್ದು ಆಕಿಗೂ ಚಲೋ ಆಗಬೇಕಲ್ರಿ?” ಎಂದು ಕೇಳಿದರು. ನಮ್ಮ ಕಡೆಯ ಕೆಲವು ಮನೆಗಳಲ್ಲಿಯೂ ಇದೇ ಪ್ರಶ್ನೆ ಎದ್ದಿದೆಯೆಂದು ಆಮೇಲೆ ಗೊತ್ತಾಯಿತು. ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಈ ಲೇಖನ.

ಗುಳಿಗೆಯ ಪೂರ್ವಕಥೆ

ಒಂದು ಕೆಲಸಕ್ಕೆಂದು ಹುಟ್ಟಿದ ಔಷಧ ಇನ್ನೊಂದು ಕೆಲಸಕ್ಕೆ ಒದಗುವುದು ನಮಗೆ ಹೊಸದಲ್ಲ. ನಾವು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ನೋಡಿರಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕೀಳದಿರಲೆಂದು ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗೆ ಬೂಜುರೋಗ ತಗಲದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ ೧೮೮೫ರಲ್ಲಿ ಪ್ರಕಟಿಸಿದರು. ಮುಂದೆ ೧೯೧೦ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿ ಗೆದ್ದರು. ದ್ರಾಕ್ಷಿಯ ಮದ್ದು ಅಡಿಕೆಯ ಮದ್ದಾಯಿತು. ಆದರೆ ಒಂದು ಮಾತು ಮರೆಯಬಾರದು. ಕೋಲ್ಮನ್ನರು ಅದನ್ನು ಮೊದಲು ಪ್ರಯೋಗ ಮಾಡಿ ನೋಡಿದರು, ಆಮೇಲೆ ಬೆಳೆಗಾರರಿಗೆ ಹೇಳಿದರು.

ಮೆಟ್‌ಫಾರ್ಮಿನ್ನಿನ ಕಥೆಯೂ ಇಂಥದ್ದೇ. ಯೂರೋಪಿನಲ್ಲಿ ಗ್ಯಾಲೀಗಾ ಎಂಬ, ಅವರೆ ಕುಟುಂಬಕ್ಕೆ ಸೇರಿದ ಗಿಡವನ್ನು ಹಳೆಯ ಕಾಲದಿಂದ ಮನೆಮದ್ದಾಗಿ ಬಳಸುತ್ತಿದ್ದರು. ಅದರಲ್ಲಿರುವ ಗ್ವಾನಿಡಿನ್ ಜಾತಿಯ ವಸ್ತು ಸಕ್ಕರೆಯನ್ನು ಇಳಿಸುತ್ತದೆ. ಆದರೆ ಗಿಡ ವಿಷಕಾರಿ. ಹೆಚ್ಚು ಮೇಯ್ದ ಕುರಿಗಳು ಸಾಯುವುದುಂಟು. ೧೯೨೨ರಲ್ಲಿ ಡಬ್ಲಿನ್ ನಗರದಲ್ಲಿ ವರ್ನರ್ ಮತ್ತು ಬೆಲ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಮೆಟ್‌ಫಾರ್ಮಿನ್ ತಯಾರಿಸಿದರು. ಬಹುಕಾಲ ಅದನ್ನು ಕೇಳುವವರಿರಲಿಲ್ಲ. ೧೯೪೦ರ ದಶಕದಲ್ಲಿ ಮಲೇರಿಯಾಕ್ಕೆ ಮದ್ದು ಹುಡುಕುವಾಗ ಅದು ಮತ್ತೆ ಕಣ್ಣಿಗೆ ಬಿತ್ತು. ೧೯೫೦ರ ಸುಮಾರಿಗೆ ಫಿಲಿಪೈನ್ಸಿನ ಗಾರ್ಸಿಯಾ ಎಂಬ ವೈದ್ಯರು ಫ್ಲೂ ಜ್ವರಕ್ಕೆ ಕೊಟ್ಟು ನೋಡಿದರು. ಅದನ್ನು ಓದಿದ ಪ್ಯಾರಿಸ್ಸಿನ ಡಾ. ಜ್ಯಾನ್ ಸ್ಟೆರ್ನ್ ಅವರು ೧೯೫೭ರಲ್ಲಿ ಸಕ್ಕರೆ ಕಾಯಿಲೆಗೆ ಅದರ ಉಪಯೋಗವನ್ನು ಪ್ರಕಟಿಸಿದರು. ಅಮೆರಿಕ ದೇಶ ಒಪ್ಪಿಗೆ ಕೊಟ್ಟದ್ದು ೧೯೯೪ರ ಕೊನೆಗೆ. ಈಗ ಇದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸಕ್ಕರೆ ಗುಳಿಗೆಗಳಲ್ಲಿ ಒಂದು, ಬೆಲೆಯೂ ಅಗ್ಗ.

ಇದು ಮುಖ್ಯವಾಗಿ ಮಾಡುವ ಕೆಲಸ ಇಷ್ಟು: ಯಕೃತ್ತು ರಕ್ತಕ್ಕೆ ಸುರಿಯುವ ಸಕ್ಕರೆಯನ್ನು ತಗ್ಗಿಸುತ್ತದೆ, ದೇಹದಲ್ಲಿರುವ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂತೆ ನೆರವಾಗುತ್ತದೆ. ಮುಟ್ಟು ಸರಿಯಾಗಿ ಆಗದ, ಅಂಡಾಶಯದಲ್ಲಿ ಗುಳ್ಳೆಗಳ ತೊಂದರೆಯಿರುವ ಹರೆಯದ ಹೆಣ್ಣುಮಕ್ಕಳಿಗೂ ೧೯೯೦ರ ದಶಕದಿಂದ ಇದನ್ನು ವೈದ್ಯರು ಕೊಡುತ್ತ ಬಂದಿದ್ದಾರೆ. ಹೀಗೆ ಒಂದು ಕೆಲಸದಿಂದ ಇನ್ನೊಂದಕ್ಕೆ ಬಂದ ಗುಳಿಗೆ, ಮುಪ್ಪಿನ ತೊಂದರೆಗಳನ್ನೂ ತಡೆಯಬಹುದೇ ಎಂಬುದು ಈಗಿನ ಪ್ರಶ್ನೆ.

ಮುಟ್ಟು ನಿಂತಾಗ ಆಗುವುದೇನು?

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಆಗದಿದ್ದರೆ ಅದು ನಿಂತಿತೆಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸುಮಾರು ೫೧ನೆಯ ವಯಸ್ಸಿಗೆ ಆದರೆ, ನಮ್ಮ ದೇಶದಲ್ಲಿ ಸರಾಸರಿ ೪೬–೪೭ಕ್ಕೇ ಆಗುತ್ತದೆ. ಅಂಡಾಶಯದಿಂದ ಬರುತ್ತಿದ್ದ ಈಸ್ಟ್ರೋಜೆನ್ ಎಂಬ ರಸ ಕಡಿಮೆಯಾದೊಡನೆ ಮೈಬಿಸಿ, ರಾತ್ರಿ ಬೆವರು, ನಿದ್ದೆಗೇಡು ಇವು ಕಾಣಿಸುತ್ತವೆ. ಇವು ಕಣ್ಣಿಗೆ ಕಾಣುವ ತೊಂದರೆಗಳು. ಕಾಣದೆ ನಡೆಯುವ ಬದಲಾವಣೆಗಳು ಬೇರೆ ಇವೆ. ಮೊದಲ ಕೆಲವು ವರ್ಷ ಮೂಳೆ ವೇಗವಾಗಿ ಸವೆಯುತ್ತದೆ. ಕೊಬ್ಬು ಸೊಂಟ ಬಿಟ್ಟು ಹೊಟ್ಟೆಗೆ ಸೇರುತ್ತದೆ. ಸ್ನಾಯು ಕರಗುತ್ತದೆ. ರಕ್ತದೊತ್ತಡ, ಸಕ್ಕರೆ ಏರುವ ಸಂಭವ ಹೆಚ್ಚುತ್ತದೆ. ಅಲ್ಲಿಯ ತನಕ ಗಂಡಸರಿಗಿಂತ ಕಡಿಮೆಯಿದ್ದ ಹೃದಯಾಘಾತದ ಭಯ ಹೆಂಗಸರಲ್ಲಿಯೂ ಮೇಲೇರುತ್ತದೆ.

ಸಿಂದಗಿ ಕಡೆಯ ತಾಂಡಾ ಒಂದರಲ್ಲಿ ನಮ್ಮ ಹೆಂಗಸರು ಮಾತಿಗೆ ಕುಳಿತಾಗ ಇನ್ನೊಂದು ಸಂಗತಿ ಹೊರಬಿತ್ತು. “ನಿಮಗೆ ಮುಟ್ಟು ನಿಂತದ್ದು ಯಾವಾಗ?” ಎಂದು ಕೇಳಿದರೆ, ಕೆಲವರು “ಚೀಲ ತಗಸಿದಾಗ” ಎಂದು ಉತ್ತರ ಕೊಟ್ಟರು. ಚೀಲವೆಂದರೆ ಗರ್ಭಕೋಶ. ಮೂವತ್ತೈದರೊಳಗೇ ತೆಗೆಸಿದವರೂ ಆ ಗುಂಪಿನಲ್ಲಿದ್ದರು. ನೆರೆಯ ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ಪ್ರಕರಣಗಳು ೨೦೧೫ರ ಸುಮಾರಿಗೆ ಬೆಳಕಿಗೆ ಬಂದು ಸರಕಾರ ತನಿಖೆ ಮಾಡಿಸಿದ್ದು ಓದುಗರಿಗೆ ನೆನಪಿರಬಹುದು. ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿಯೂ ಇದೇ ಬಗೆಯ ಸುದ್ದಿ ೨೦೧೯ರಲ್ಲಿ ಬಂದಿತು. ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜೆನ್ ಒಂದೇ ದಿನದಲ್ಲಿ ನಿಂತುಹೋಗುತ್ತದೆ. ಅಂಥವರಿಗೆ ಐವತ್ತರಲ್ಲಿ ಬರಬೇಕಾದ ಮೂಳೆಸವೆತ, ಹೃದಯದ ತೊಂದರೆ ನಲವತ್ತಕ್ಕೇ ಬರಬಹುದು. ಮುಪ್ಪು ತಡೆಯುವ ಗುಳಿಗೆಯ ಮಾತು ಅವರ ಕಿವಿಗೆ ಹಿತವಾಗಿ ಕೇಳಿಸಿದರೆ ಆಶ್ಚರ್ಯವೇನಿಲ್ಲ.

ಈಗ ಕಂಡಿರುವುದೇನು?

ಸಕ್ಕರೆ ಕಾಯಿಲೆ ಇದ್ದವರಿಗೆ ಈ ಗುಳಿಗೆ ಉಪಕಾರಿ ಎಂಬುದರಲ್ಲಿ ಸಂಶಯವಿಲ್ಲ. ೧೯೯೮ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪರೀಕ್ಷೆಯಲ್ಲಿ, ತೂಕ ಹೆಚ್ಚಿದ್ದ ಸಕ್ಕರೆ ರೋಗಿಗಳಿಗೆ ಮೆಟ್‌ಫಾರ್ಮಿನ್ ಕೊಟ್ಟಾಗ ಸಾವಿನ ಸಂಭವ ಶೇಕಡಾ ೩೬ರಷ್ಟು ಕಡಿಮೆಯಾಯಿತು. ಇದು ಚೀಟಿ ಎತ್ತಿ ಗುಂಪು ಮಾಡಿದ ಪರೀಕ್ಷೆ, ಆದುದರಿಂದ ನಂಬಲರ್ಹ.

ಮುಟ್ಟು ನಿಂತವರ ಬಗ್ಗೆ ಸುದ್ದಿಯಾದದ್ದು ೨೦೨೫ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ. ಅಲ್ಲಿ ೧೯೯೩ರಿಂದ ೧೯೯೮ರ ತನಕ, ಮುಟ್ಟು ನಿಂತ ೫೦ರಿಂದ ೭೯ ವಯಸ್ಸಿನ ಒಂದು ಲಕ್ಷ ಅರುವತ್ತು ಸಾವಿರಕ್ಕೂ ಮಿಕ್ಕಿ ಹೆಂಗಸರನ್ನು ಸೇರಿಸಿಕೊಂಡು ವರ್ಷಾನುಗಟ್ಟಲೆ ಅವರ ಆರೋಗ್ಯವನ್ನು ಬರೆದಿಟ್ಟಿದ್ದರು. ಆ ದಾಖಲೆಯಿಂದ ಅರುವತ್ತು ದಾಟಿದ, ಸಕ್ಕರೆ ಕಾಯಿಲೆಯಿದ್ದ ೪೩೮ ಹೆಂಗಸರನ್ನು ಆರಿಸಿಕೊಂಡರು. ಅರ್ಧದಷ್ಟು ಮಂದಿ ಮೆಟ್‌ಫಾರ್ಮಿನ್ ಆರಂಭಿಸಿದವರು. ಉಳಿದರ್ಧ ಸಲ್ಫೋನಿಲ್‌ಯೂರಿಯಾ ಎಂಬ ಜಾತಿಯ ಗುಳಿಗೆ ಆರಂಭಿಸಿದವರು. ತೊಂಬತ್ತು ತುಂಬುವ ಮೊದಲೇ ಸಾಯುವ ಸಂಭವ ಮೆಟ್‌ಫಾರ್ಮಿನ್ ಗುಂಪಿನಲ್ಲಿ ಶೇಕಡಾ ೩೦ರಷ್ಟು ಕಡಿಮೆ ಎಂದು ಲೆಕ್ಕ ಸಿಕ್ಕಿತು.

ಸುದ್ದಿ ಸಂತೋಷದ್ದೇ. ಆದರೆ ಮೂರು ವಿಷಯಗಳನ್ನು ಗಮನಿಸಬೇಕು. ಒಂದು, ಅವರೆಲ್ಲರಿಗೂ ಸಕ್ಕರೆ ಕಾಯಿಲೆ ಇತ್ತು. ಕಾಯಿಲೆಯಿಲ್ಲದ ಹೆಂಗಸರ ವಿಷಯ ಅದರಿಂದ ತಿಳಿಯುವುದಿಲ್ಲ. ಎರಡು, ಗುಳಿಗೆಯನ್ನೇ ತೆಗೆದುಕೊಳ್ಳದ ಗುಂಪು ಅದರಲ್ಲಿ ಇರಲಿಲ್ಲ. ಹೋಲಿಸಿದ್ದು ಇನ್ನೊಂದು ಗುಳಿಗೆಯೊಂದಿಗೆ. ಮೆಟ್‌ಫಾರ್ಮಿನ್ ಆಯುಷ್ಯವನ್ನು ಹೆಚ್ಚಿಸಿತೋ, ಇನ್ನೊಂದು ಗುಳಿಗೆ ಆಯುಷ್ಯವನ್ನು ತಗ್ಗಿಸಿತೋ ಹೇಳಲಾಗದು. ಇಂಡಿಯ ತಂಗಿಯ ಪಟ್ಟಿಯಲ್ಲಿ ಜೊತೆಗಿದ್ದ ಗ್ಲಿಮೆಪಿರೈಡ್ ಆ ಇನ್ನೊಂದು ಜಾತಿಗೇ ಸೇರಿದ್ದೆಂಬುದನ್ನು ಓದುಗರು ಗಮನಿಸಬೇಕು. ಮೂರು, ಇದು ನಡೆದುಹೋದದ್ದನ್ನು ನೋಡಿ ಬರೆದ ಲೆಕ್ಕ. ಚೀಟಿ ಎತ್ತಿ ಮಾಡಿದ ಪರೀಕ್ಷೆಯಲ್ಲ.

ಈ ಕೊನೆಯ ಮಾತನ್ನು ತೋಟದ ಲೆಕ್ಕದಲ್ಲಿಯೇ ಹೇಳುತ್ತೇವೆ. ಒಂದು ಹೊಸ ಸಿಂಪರಣೆ ಹೊಡೆದ ತೋಟಗಳಲ್ಲಿ ಇಳುವರಿ ಹೆಚ್ಚು ಬಂತೆಂದು ಯಾರೋ ಹೇಳುತ್ತಾರೆ. ಹೊಡೆದವರು ಯಾರು? ನೀರಿನ ಅನುಕೂಲವಿದ್ದವರು, ಬಸಿಗಾಲುವೆ ತೋಡಿಸಿದವರು, ಕಾಲಕಾಲಕ್ಕೆ ಕಸಿ ಮಾಡಿಸಿದವರು. ಇಳುವರಿ ಹೆಚ್ಚಿದ್ದು ಸಿಂಪರಣೆಯಿಂದಲೋ ಉಳಿದ ಆರೈಕೆಯಿಂದಲೋ? ಒಂದೇ ತೋಟದಲ್ಲಿ ಚೀಟಿ ಎತ್ತಿ, ಕೆಲವು ಸಾಲಿಗೆ ಹೊಡೆದು, ಕೆಲವು ಸಾಲು ಹಾಗೆಯೇ ಬಿಟ್ಟು ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ಮನುಷ್ಯರ ಔಷಧಕ್ಕೂ ಇದೇ ನಿಯಮ.

ಈ ನಿಯಮ ಮರೆತಾಗ ಆದ ತಪ್ಪಿಗೆ ಮುಟ್ಟು ನಿಂತ ಹೆಂಗಸರೇ ಉದಾಹರಣೆ. ಈಸ್ಟ್ರೋಜೆನ್ ಮೊದಲಾದ ರಸಗಳ ಗುಳಿಗೆ ನುಂಗುವ ಹೆಂಗಸರಿಗೆ ಹೃದಯರೋಗ ಕಡಿಮೆಯೆಂದು ಹಿಂದೆ ಹಲವು ಲೆಕ್ಕಗಳು ಹೇಳಿದ್ದವು. ಅದೇ ಅಮೆರಿಕದ ಸಂಸ್ಥೆ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ಚೀಟಿ ಎತ್ತಿ ಪರೀಕ್ಷಿಸಿತು. ೨೦೦೨ರಲ್ಲಿ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮೂಳೆ ಮುರಿತ ಕಡಿಮೆಯಾಗಿತ್ತು ನಿಜ. ಆದರೆ ಹೃದಯಕ್ಕೆ ರಕ್ಷಣೆ ಸಿಗಲಿಲ್ಲ. ಪಾರ್ಶ್ವವಾಯು, ಸ್ತನದ ಕ್ಯಾನ್ಸರ್ ಸ್ವಲ್ಪ ಹೆಚ್ಚಾಗಿದ್ದವು. ಮೈಬಿಸಿ ತಡೆಯಲಾರದವರಿಗೆ ವೈದ್ಯರು ನೋಡಿ ಕೊಡುವ ಆ ಔಷಧ ಇಂದಿಗೂ ಉಪಯುಕ್ತವೇ. ಎಲ್ಲರಿಗೂ ಆಯುಷ್ಯದ ಮದ್ದೆಂದು ಹಂಚಿದ್ದು ಮಾತ್ರ ತಪ್ಪಾಯಿತು.

೨೦೨೪ರಲ್ಲಿ ಚೀನಾದ ವಿಜ್ಞಾನಿಗಳು ಮುದಿ ಕೋತಿಗಳಿಗೆ ೪೦ ತಿಂಗಳು ಮೆಟ್‌ಫಾರ್ಮಿನ್ ಕೊಟ್ಟು, ಮಿದುಳು ಮೊದಲಾದ ಅಂಗಗಳ ಮುಪ್ಪು ನಿಧಾನವಾಯಿತೆಂದು ವರದಿ ಮಾಡಿದರು. ಅವೆಲ್ಲ ಗಂಡು ಕೋತಿಗಳು! ಮುಟ್ಟು ನಿಂತವರಿಗೆ ಅದರಿಂದ ಏನು ತಿಳಿದೀತು? ೨೦೧೯ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ೬೫ ದಾಟಿದ ಆರೋಗ್ಯವಂತರು ೧೪ ವಾರ ಭಾರ ಎತ್ತುವ ವ್ಯಾಯಾಮ ಮಾಡಿದರು. ಗುಳಿಗೆ ನುಂಗಿದವರಿಗಿಂತ ನುಂಗದವರಲ್ಲಿಯೇ ಸ್ನಾಯು ಹೆಚ್ಚು ಬೆಳೆಯಿತು. ಮೈಮುರಿದು ದುಡಿಯುವ ನಮ್ಮವರಿಗೆ ಇದು ಯೋಚಿಸಬೇಕಾದ ಮಾತು.

ನ್ಯೂಯಾರ್ಕಿನ ಡಾ. ನಿರ್ ಬರ್ಜಿಲಾಯ್ ಮತ್ತು ಸಂಗಡಿಗರು ೬೫ರಿಂದ ೭೯ ವಯಸ್ಸಿನ ಸುಮಾರು ೩೦೦೦ ಮಂದಿಯಲ್ಲಿ ಚೀಟಿ ಎತ್ತಿ ಆರು ವರ್ಷ ಪರೀಕ್ಷಿಸುವ ಯೋಜನೆ ಹಾಕಿದ್ದಾರೆ. ೨೦೧೫ರಿಂದಲೂ ಅದರ ಮಾತು ನಡೆದಿದೆ. ಹಣ ಸಾಲದೆ ವರ್ಷಗಟ್ಟಲೆ ತಡವಾಗಿದೆ. ಕಾರಣ ಸರಳ. ಗುಳಿಗೆಯ ಪೇಟೆಂಟು ಮುಗಿದು ಬಹುಕಾಲವಾಗಿದೆ, ಯಾರು ಬೇಕಾದರೂ ತಯಾರಿಸಬಹುದು. ಲಾಭವಿಲ್ಲದ ಪರೀಕ್ಷೆಗೆ ಯಾವ ಕಂಪೆನಿ ಹಣ ಹಾಕೀತು? ಒಬ್ಬರಿಗೆ ಲಾಭವಿಲ್ಲದ, ಎಲ್ಲರಿಗೂ ಉಪಯೋಗವಾಗುವ ಕೆಲಸ ಹೇಗೆ ಹಿಂದೆ ಬೀಳುತ್ತದೆಂಬುದು ಸಹಕಾರಿಗಳಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದ ಪರೀಕ್ಷೆ ಏನು ಹೇಳುತ್ತದೆ?

ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ೨೦೦೬ರಲ್ಲಿ ಪ್ರಕಟಿಸಿದ ಪರೀಕ್ಷೆ ನಮಗೆ ಹತ್ತಿರದ್ದು. ಸಕ್ಕರೆ ಸ್ವಲ್ಪ ಏರಿದ್ದು, ಕಾಯಿಲೆಯ ಮಟ್ಟಕ್ಕೆ ಇನ್ನೂ ಹೋಗದ ೫೩೧ ಗಂಡಸರು, ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಏನೂ ವಿಶೇಷ ಆರೈಕೆಯಿಲ್ಲದ ಗುಂಪಿನಲ್ಲಿ ಮೂರು ವರ್ಷಗಳಲ್ಲಿ ಶೇಕಡಾ ೫೫ ಮಂದಿಗೆ ಸಕ್ಕರೆ ಕಾಯಿಲೆ ಬಂತು. ಊಟ, ನಡಿಗೆ ಸರಿಪಡಿಸಿಕೊಂಡವರಲ್ಲಿ ಸುಮಾರು ೩೯, ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಸುಮಾರು ೪೦, ಎರಡನ್ನೂ ಮಾಡಿದವರಲ್ಲಿಯೂ ಸುಮಾರು ೪೦. ಅಂದರೆ ಊಟ, ನಡಿಗೆಗಳು ಗುಳಿಗೆಗೆ ಸಮ. ಎರಡನ್ನೂ ಕೂಡಿಸಿದರೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಬಾಗೇವಾಡಿ ಕಡೆಯ ಹಳ್ಳಿಯೊಂದರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನಮಗೆ ಬಿಸಿ ಜೋಳದ ರೊಟ್ಟಿ ಬಡಿದುಕೊಟ್ಟರು. ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು. ಆಕೆ ಬೆಳಿಗ್ಗೆ ಹೊಲಕ್ಕೆ ನಡೆದುಹೋಗಿ ಬರುವವರು. ಮುಪ್ಪಿಗೆ ಮದ್ದು ಇದೇ ಎಂದು ನಾವೆಲ್ಲ ಮೆಚ್ಚಿ ಮಾತನಾಡಿದೆವು. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಬಂದು, “ಅಜ್ಜಿ, ಒಮ್ಮೆರೆ ರಕ್ತಾ ತೋರಸ್ರಿ ಅಂದ್ರ ಬರೂದಿಲ್ಲ ನೋಡ್ರಿ” ಎಂದು ದೂರಿದರು. ನಮ್ಮ ಒತ್ತಾಯಕ್ಕೆ ಮರುದಿನ ಬರಿ ಹೊಟ್ಟೆಯಲ್ಲಿ ಅಜ್ಜಿ ಉಪಕೇಂದ್ರಕ್ಕೆ ಬಂದರು. ಸಕ್ಕರೆ ೧೯೦ ಇತ್ತು. ೧೨೬ ದಾಟಿದರೆ ಕಾಯಿಲೆಯ ಲೆಕ್ಕ. ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ಪರೀಕ್ಷೆ ಬೇಕು. ಎಷ್ಟು ವರ್ಷದಿಂದ ಹಾಗಿತ್ತೋ ಯಾರಿಗೆ ಗೊತ್ತು?

ನಾವು ಹಿಂದಿರುಗುವ ದಾರಿಯಲ್ಲಿ ಇದನ್ನೇ ಮಾತನಾಡಿಕೊಂಡೆವು. ಗುಳಿಗೆ ಬೇಡದ ತಂಗಿ ಅದನ್ನು ನುಂಗಿ ತೋಟದಲ್ಲಿ ಬಿದ್ದರು. ಬೇಕಾದ ಅಜ್ಜಿಗೆ ಅದು ಬೇಕೆಂಬುದೇ ಗೊತ್ತಿರಲಿಲ್ಲ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು ೧೦ ಕೋಟಿ. ಅದರ ಅಂಚಿನಲ್ಲಿರುವವರು ೧೩ ಕೋಟಿಗೂ ಹೆಚ್ಚು. ಆದುದರಿಂದ ನಮ್ಮ ಹೆಂಗಸರ ಮುಪ್ಪು ಸುಖವಾಗಿ ಕಳೆಯಬೇಕಾದರೆ ಮೊದಲು ಆಗಬೇಕಾದದ್ದು ಪರೀಕ್ಷೆ, ಆಮೇಲೆ ಗುಳಿಗೆ. ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಎರಚಬಾರದೆಂದು ನಾವು ಈ ಪತ್ರಿಕೆಯಲ್ಲಿ ಎಷ್ಟು ಸಲ ಬರೆದಿಲ್ಲ!

ಗುಳಿಗೆ ತೆಗೆದುಕೊಳ್ಳುವವರು ತಿಳಿದಿರಬೇಕಾದ್ದು

ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಒಬ್ಬ ತಾಯಿ ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್ ತಪ್ಪದೆ ತೆಗೆದುಕೊಳ್ಳುತ್ತಿದ್ದರು. ಸಕ್ಕರೆ ಹತೋಟಿಯಲ್ಲಿತ್ತು. ಆದರೆ ಅಂಗಾಲು ಉರಿ, ಜೋಮು, ಸುಸ್ತು. ಸಕ್ಕರೆಯ ತೊಂದರೆಯೇ ಇರಬೇಕೆಂದು ವರ್ಷವಿಡೀ ಸುಮ್ಮನಿದ್ದರು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಬಿ-೧೨ ಜೀವಸತ್ವ ತೀರ ಕಡಿಮೆಯಿತ್ತು. ಸೂಜಿಮದ್ದು ಹಾಕಿಸಿಕೊಂಡ ಮೇಲೆ ಸುಸ್ತು ಹೋಗಿದೆ, ಉರಿ ಇಳಿದಿದೆ. ಬಹುಕಾಲ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ-೧೨ ಕಡಿಮೆಯಾಗುವುದುಂಟು. ಮಾಂಸ, ಮೊಟ್ಟೆ ತಿನ್ನದವರಿಗೆ ಮೊದಲೇ ಅದು ಕಡಿಮೆ. ಆದುದರಿಂದ ಅವರು ಹೆಚ್ಚು ಜಾಗ್ರತೆ ವಹಿಸಬೇಕು. ಹಾಲು, ಮೊಸರಿನಿಂದ ಸ್ವಲ್ಪ ಮಟ್ಟಿಗೆ ದೊರೆಯುತ್ತದೆ. ಉಳಿದ ಅಂಶಗಳನ್ನು ಸಂಗ್ರಹವಾಗಿ ಕೊಡುತ್ತೇವೆ.

೧. ಗುಳಿಗೆಯನ್ನು ಊಟದ ಜೊತೆಗೆ ತೆಗೆದುಕೊಳ್ಳಬೇಕು. ಆರಂಭದಲ್ಲಿ ಹೊಟ್ಟೆ ತೊಳೆಸುವುದು, ಭೇದಿ ಆಗಬಹುದು. ಹೆಚ್ಚಾದರೆ ವೈದ್ಯರಿಗೆ ಹೇಳಿದರೆ ಪ್ರಮಾಣ ಅಥವಾ ಬಗೆ ಬದಲಿಸುತ್ತಾರೆ. ತಾವಾಗಿ ನಿಲ್ಲಿಸಬಾರದು.

೨. ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡದ ಪರೀಕ್ಷೆ ಮಾಡಿಸಬೇಕು. ಮೂತ್ರಪಿಂಡ ತೀರ ಕೆಟ್ಟವರಿಗೆ ಈ ಗುಳಿಗೆ ಸಲ್ಲದು. ರಕ್ತದಲ್ಲಿ ಆಮ್ಲ ಹೆಚ್ಚಾಗಿ ಜೀವಕ್ಕೆ ಅಪಾಯವಾಗಬಹುದು. ಹೆಚ್ಚು ಮದ್ಯ ಕುಡಿಯುವವರಿಗೂ ಈ ಭಯವಿದೆ.

೩. ವಾಂತಿ, ಭೇದಿಯಿಂದ ಮೈಯ ನೀರು ಆರಿದಾಗ, ಶಸ್ತ್ರಚಿಕಿತ್ಸೆ ಇದ್ದಾಗ, ಸ್ಕ್ಯಾನಿಂಗಿಗೆ ಬಣ್ಣದ ಸೂಜಿ ಕೊಡುವಾಗ ಈ ಗುಳಿಗೆ ತೆಗೆದುಕೊಳ್ಳುತ್ತಿರುವುದನ್ನು ಮೊದಲೇ ಹೇಳಬೇಕು.

೪. ಪಟ್ಟಿಯ ಮೇಲೆ ಎರಡು ಅಥವಾ ಮೂರು ಔಷಧಗಳ ಹೆಸರಿದ್ದರೆ ಬರಿ ಹೊಟ್ಟೆಯಲ್ಲಿ ಕೆಲಸಕ್ಕೆ ಇಳಿಯಲೇಬಾರದು. ಬೆವರು, ನಡುಕ, ಕಣ್ಣುಕತ್ತಲೆ ಬಂದರೆ ಕೂಡಲೇ ಸಕ್ಕರೆ ಅಥವಾ ಬೆಲ್ಲ ತಿನ್ನಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

೫. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ, ಸ್ವಲ್ಪವೇ ಆದರೂ, ವೈದ್ಯರಿಗೆ ತೋರಿಸಬೇಕು. ನಾಚಿಕೆಯಿಂದ ಮುಚ್ಚಿಡುವವರು ಹಲವರಿರುವುದರಿಂದ ಇದನ್ನು ಇಲ್ಲಿ ಬರೆದಿದ್ದೇವೆ.

ಸಕ್ಕರೆ ಕಾಯಿಲೆ ಇಲ್ಲದವರು ಮುಪ್ಪಿನ ಭಯಕ್ಕೆ ಈ ಗುಳಿಗೆ ತೆಗೆದುಕೊಳ್ಳಬೇಕೇ? ಇಂದಿನ ತಿಳುವಳಿಕೆಯಲ್ಲಿ ಉತ್ತರ, ಬೇಡ. ಸಕ್ಕರೆ ಅಂಚಿನಲ್ಲಿರುವವರಿಗೆ ವೈದ್ಯರು ಕೊಡಬಹುದು. ಅದು ಅವರ ತೀರ್ಮಾನ. ಉಳಿದವರಿಗೆ ನಡಿಗೆ, ಭಾರ ಎತ್ತುವ ಕೆಲಸ, ಬೇಳೆಕಾಳು, ಹಾಲು ಮೊಸರು, ಎಳೆಬಿಸಿಲು, ಸರಿಯಾದ ನಿದ್ದೆ ಇವೇ ಸದ್ಯಕ್ಕೆ ನಂಬಬಹುದಾದ ಮದ್ದು. ಕಾಫಿ ಬೆಳೆಯುವ ನಾವು ಕಾಫಿ ಬಿಡಿರೆಂದು ಹೇಳುವವರಲ್ಲ. ಅದಕ್ಕೆ ಹಾಕುವ ಸಕ್ಕರೆಯನ್ನು ಮಾತ್ರ ಕಡಿಮೆ ಮಾಡಿರಿ.

ಬೆಳೆಗಾರರಲ್ಲಿ ವಿನಂತಿ

ಇಂಡಿಯ ಅಕ್ಕ ನಮಗೆ ಹೇಳಿದ ಇನ್ನೊಂದು ಮಾತಿದೆ. ಊರಲ್ಲಿದ್ದಾಗ ಆರೋಗ್ಯ ಕೇಂದ್ರದಿಂದ ತಿಂಗಳ ಗುಳಿಗೆ ಸಿಗುತ್ತದೆ. ದುಡಿಯಲು ಹೊರಟರೆ ಒಂದು ತಿಂಗಳಿನದು ಮುಗಿದ ಮೇಲೆ ಊರಿಗೆ ಮರಳುವ ತನಕ ಗುಳಿಗೆಯಿಲ್ಲ. “ಪರಊರಾಗ ಯಾರನ್ನ ಕೇಳೂದ್ರಿ?” ಎಂದರು. ಆ ಪರಊರು ನಮ್ಮದೇ. ಮೂರು ತಿಂಗಳು ನಮ್ಮ ತೋಟದಲ್ಲಿ ದುಡಿಯುವಾಗ ಅವರ ಕಾಯಿಲೆ ಏರುತ್ತಿದ್ದರೆ ಅದರಲ್ಲಿ ನಮ್ಮ ಪಾಲೂ ಇದೆ. ಆದುದರಿಂದ ಸದಸ್ಯರು ಮುಂದಿನ ಕೊಯ್ಲಿನಲ್ಲಿ ಈ ಕೆಳಗಿನಂತೆ ನಡೆದುಕೊಳ್ಳಬೇಕೆಂದು ಕೋರುತ್ತೇವೆ.

ತಂಡ ಬಂದ ಮೊದಲ ವಾರದಲ್ಲಿಯೇ ಆಶಾ ಕಾರ್ಯಕರ್ತೆಗೆ ತಿಳಿಸಿ, ಮೂವತ್ತು ದಾಟಿದ ಎಲ್ಲರ ಸಕ್ಕರೆ, ರಕ್ತದೊತ್ತಡ ಪರೀಕ್ಷೆ ಮಾಡಿಸಿರಿ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ಗುಳಿಗೆ ತೆಗೆದುಕೊಳ್ಳುವವರು ಊರಿನ ಚೀಟಿಯನ್ನು ತರುವಂತೆ ಮೇಸ್ತ್ರಿಗೆ ಮೊದಲೇ ಹೇಳಿರಿ. ಆ ಚೀಟಿ ತೋರಿಸಿ ಇಲ್ಲಿಯ ಆರೋಗ್ಯ ಕೇಂದ್ರದಿಂದ ಗುಳಿಗೆ ಕೊಡಿಸಿರಿ. ತಿಂಡಿಯಾಗದೆ ಯಾರನ್ನೂ ಕೊಯ್ಲಿಗೆ ಇಳಿಸಬೇಡಿರಿ. ಆಳಿನ ಚೀಲದಲ್ಲಿ ಬೆಲ್ಲದ ಅಚ್ಚೊಂದು ಇರಲಿ. ವಾರದ ಸಂತೆಯ ದಿನ ಜೋಳದ ಹಿಟ್ಟು ತರಿಸಿಕೊಟ್ಟರೆ ಅಕ್ಕಿಯ ಅನ್ನವನ್ನೇ ಮೂರು ಹೊತ್ತು ಉಣ್ಣುವುದು ತಪ್ಪುತ್ತದೆ. ಇಷ್ಟನ್ನೂ ನಮ್ಮ ಮನೆಯ ಹೆಂಗಸರಿಂದಲೇ ಆರಂಭಿಸಿದರೆ ಇನ್ನೂ ಒಳಿತು.

ನಾವು ಹೊರಡುವ ದಿನ ಆ ಅಕ್ಕತಂಗಿಯರು ಬಸ್ ನಿಲ್ದಾಣದ ತನಕ ಬಂದು, ಒಂದು ಚೀಲ ಲಿಂಬೆಹಣ್ಣನ್ನೂ ಕಟಕ ರೊಟ್ಟಿಯ ಗಂಟನ್ನೂ ಕೊಟ್ಟರು. ತಂಗಿ ಈಗ ಗುಳಿಗೆ ಬಿಟ್ಟಿದ್ದಾರೆ. ಅಕ್ಕ ಬಿಟ್ಟಿಲ್ಲ, ಬಿಡಬಾರದೆಂದು ನಾವೂ ಹೇಳಿಬಂದಿದ್ದೇವೆ. ಈ ಸಲ ಇಬ್ಬರೂ ಕೊಯ್ಲಿಗೆ ಬರುವುದಾಗಿ ಮಾತು ಕೊಟ್ಟಿದ್ದಾರೆ. ಚೀಟಿ ತರಲು ಮರೆಯಬೇಡಿರೆಂದು ಎರಡು ಸಲ ನೆನಪಿಸಿದೆವು.

ತಮ್ಮ ತೋಟಗಳಲ್ಲಿ ಇಂಥ ಪರೀಕ್ಷಾ ಶಿಬಿರ ನಡೆಸಲು ಇಚ್ಛಿಸುವ ಸದಸ್ಯರು ಕೊಯ್ಲು ಆರಂಭವಾಗುವುದಕ್ಕೆ ಮೊದಲೇ ಸಂಘದ ಕಚೇರಿಗೆ ತಿಳಿಸಬೇಕಾಗಿ ವಿನಂತಿ. ನಾಲ್ಕಾರು ತೋಟದವರು ಒಟ್ಟುಗೂಡಿದರೆ ಆರೋಗ್ಯ ಕೇಂದ್ರದವರಿಗೂ ಬಂದು ಹೋಗಲು ಅನುಕೂಲವಾಗುತ್ತದೆ.